ಅಮ್ಮನ ಸ್ಪೀಡಿ 30 ಮಗಳ ಕೈ ಸೇರುವ ಮುನ್ನ

ಬ್ಯಾಗು ಫ್ರಾನ್ಸಿನ ದುಬಾರಿ ಬ್ರಾಂಡ್ ಲೂಯಿ ವಿಟಾನ್‌ನ ಮೊನೊಗ್ರಾಮ್ (ಕಂಪನಿಯ ಹೆಸರಿನ ಮೊದಲಕ್ಷರಗಳ ಚಿತ್ತಾರ) ಕ್ಯಾನ್ವಾಸ್ ಸ್ಪೀಡಿ 30 ಕೈಚೀಲ. ಕೊಂಡವರು ಮನೆಯ ದೊಡ್ಡಮ್ಮ. ಅವರು ತಂಗಿಗೆ, ಅಂದರೆ ಈ ಮನೆಯ ತಾಯಿಗೆ, ಕೊಟ್ಟರು. ತಂಗಿ ಹಲವು ವರ್ಷ ಬಳಸಿ, ಆಮೇಲೆ ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಾಲ್ಕು ನಾಫ್ತಲೀನ್ ಗುಳಿಗೆ ಸೇರಿಸಿ ಕಪಾಟಿನ ಮೇಲ್ಗಡೆ ಇಟ್ಟರು. ಈಗ ಅದನ್ನು ಹಿರಿಮಗಳ 30ನೇ ಹುಟ್ಟುಹಬ್ಬಕ್ಕೆ ಕೊಡಬೇಕೆಂದಿದ್ದಾರೆ. ಉಳಿದಿರುವುದು ಆರು ವಾರ. ರಸೀದಿ ಇಲ್ಲ, ಡಬ್ಬಿ ಇಲ್ಲ, ದೊಡ್ಡಮ್ಮನೂ ಈಗಿಲ್ಲ. ತಾಯಿಯ ಬೇಡಿಕೆ ಒಂದೇ: ಹೊಸದರ ಹಾಗೆ ಕಾಣಬೇಕು.

ತೊಡಕು ಇರುವುದು ಆ ಬೇಡಿಕೆಯಲ್ಲೇ. ಹಳೆಯ ಚರ್ಮವನ್ನು ಹೊಸದರ ಹಾಗೆ ಕಾಣಿಸಲು ಇರುವುದು ಎರಡೇ ದಾರಿ. ಬಣ್ಣ ಬಳಿಯಬೇಕು, ಇಲ್ಲವೇ ಭಾಗವನ್ನೇ ಬದಲಿಸಬೇಕು. ಬಣ್ಣ ಬಳಿದರೆ ಬ್ಯಾಗಿನ ವಯಸ್ಸು ಸುಳ್ಳಾಗುತ್ತದೆ, ಭಾಗ ಬದಲಿಸಿದರೆ ದೊಡ್ಡಮ್ಮ ಹಿಡಿದ ಹಿಡಿಕೆಯೇ ಹೋಗುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಒಂದು ನಿಯಮ ಗೊತ್ತುಮಾಡಿಕೊಳ್ಳಲಾಯಿತು: ಭಾರ ಹೊರುವ ಭಾಗ ದುರ್ಬಲವಾಗಿದ್ದರೆ ಸರಿಮಾಡಬೇಕು, ಬರೀ ವಯಸ್ಸು ತೋರಿಸುವ ಭಾಗವನ್ನು ಮುಟ್ಟಬಾರದು. ಮುಂದಿನ ಎಲ್ಲ ತೀರ್ಮಾನಗಳೂ ಇದನ್ನೇ ಹಿಡಿದು ಬಂದವು.

ಮೊದಲ ತಪಾಸಣೆ

ಬೇಕಾದದ್ದು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಟಾರ್ಚ್, ಅಳತೆಪಟ್ಟಿ, ಬಿಳಿ ಹತ್ತಿಬಟ್ಟೆ, ತೊಳೆದು ಒರೆಸಿದ ಕೈ. ಒರೆಸುವುದಕ್ಕೂ ಮುಂಚೆ ಫೋಟೋ ತೆಗೆಯಬೇಕು. ಆರೂ ಬದಿ, ಹಿಡಿಕೆಯನ್ನು ಬ್ಯಾಗಿಗೆ ಹಿಡಿದಿಡುವ ನಾಲ್ಕೂ ಪಟ್ಟಿ, ಜಿಪ್‌ನ ಎರಡೂ ತುದಿ, ಒಳಗಿನ ಮುದ್ರೆ, ಬೀಗ, ಕೀಲಿ, ಎಲ್ಲವನ್ನೂ ಹಗಲು ಬೆಳಕಿನಲ್ಲಿ. ಇದನ್ನು ಬಿಟ್ಟು ನೇರವಾಗಿ ಶುಚಿಗೆ ಇಳಿದರೆ, ಯಾವ ಕಲೆ ಮೊದಲೇ ಇತ್ತು, ಯಾವುದು ಆಮೇಲೆ ಆಯಿತು ಎಂಬುದೇ ಗೊತ್ತಾಗುವುದಿಲ್ಲ.

ಬ್ಯಾಗಿನ ಅಳತೆ 30 × 21 × 17 ಸೆಂ.ಮೀ. ಹೊರಮೈ ಚರ್ಮವಲ್ಲ, ಪಿವಿಸಿ ಲೇಪಿಸಿದ ಹತ್ತಿ ಕ್ಯಾನ್ವಾಸ್. ಮೊನೊಗ್ರಾಮ್ ಚಿತ್ತಾರ 1896ರದ್ದು. ಮೆತ್ತಗೆ ಮಡಚುವ ಲೇಪಿತ ಕ್ಯಾನ್ವಾಸ್ ಬಂದದ್ದು 1959ರಲ್ಲಿ. ಹಿಡಿಕೆ, ಪಟ್ಟಿ, ಬದಿಯ ಪೈಪಿಂಗ್ (ಅಂಚಿನುದ್ದಕ್ಕೂ ಹೊಲಿದ ತೆಳು ಚರ್ಮದ ಪಟ್ಟಿ) ಮಾತ್ರ ವಾಚೆಟ್ಟಾ, ಅಂದರೆ ಗಿಡಮೂಲದ ಟ್ಯಾನಿನ್‌ನಿಂದ ಹದ ಮಾಡಿ ಮೇಲೆ ಯಾವ ರಕ್ಷಣಾ ಲೇಪವನ್ನೂ ಕೊಡದ ಹಸುವಿನ ಚರ್ಮ. ಬೆಳಕು ಮತ್ತು ಕೈಯ ಜಿಡ್ಡು ತಾಗಿ ಅದು ತಿಳಿಬಣ್ಣದಿಂದ ಜೇನುಬಣ್ಣಕ್ಕೆ, ಅಲ್ಲಿಂದ ಕಡುಕಂದಿಗೆ ತಿರುಗುತ್ತದೆ. ತಾಯಿ ಕೊಳೆ ಎಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಈ ಬಣ್ಣವೇ. ಉಜ್ಜಿದರೆ ಅದು ಹೋಗುವುದಿಲ್ಲ, ಚರ್ಮದ ಮೇಲ್ಪದರ ಹೋಗುತ್ತದೆ.

ನಿಜವಾದ ದೋಷಗಳು ಬೇರೆ ಇದ್ದವು. ಹಿಂಬದಿಯ ಎಡ ಹಿಡಿಕೆ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಮೂರು ಹೊಲಿಗೆ ಹರಿದಿತ್ತು. ಅಲ್ಲಿನ ತೂತುಗಳು ಸ್ವಲ್ಪ ಎಳೆದು ಉದ್ದವಾಗಿದ್ದವು, ಆದರೆ ಒಂದಕ್ಕೊಂದು ಸೀಳಿ ಕೂಡಿಕೊಂಡಿರಲಿಲ್ಲ. ಜಿಪ್‌ನ ಒಂದು ತುದಿಯ ಹತ್ತಿರ, ವರ್ಷಗಟ್ಟಲೆ ಮಡಿಕೆ ಕೂತ ಗೆರೆಯ ಮೇಲೆ, 6 ಮಿ.ಮೀ. ಉದ್ದದ ಕೂದಲೆಳೆಯಂಥ ಬಿರುಕು. ಹಿತ್ತಾಳೆ ರಿವೆಟ್‌ಗಳ ಸುತ್ತ ಹಸಿರು ಕಿಲುಬು. ನಾಫ್ತಲೀನ್ ಗುಳಿಗೆ ಒತ್ತಿಕೊಂಡಿದ್ದ ಜಾಗದಲ್ಲಿ ಸುಮಾರು 2 ಸೆಂ.ಮೀ. ಅಗಲದ ದುಂಡನೆ ತಗ್ಗು. ಅಲ್ಲಿ ಕ್ಯಾನ್ವಾಸ್ ಹೊಳಪು ಕಳೆದುಕೊಂಡು ಮುಟ್ಟಿದರೆ ಅಂಟಂಟು. ನಾಫ್ತಲೀನ್ ಆವಿ ಹಲವು ಬಗೆಯ ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ಪಿವಿಸಿಯೂ ಅವುಗಳಲ್ಲೊಂದು. ಸೀರೆಗೆ ಇಡುವ ಗುಳಿಗೆಯನ್ನು ಲೇಪಿತ ಕ್ಯಾನ್ವಾಸಿನ ಹತ್ತಿರ ಇಡಲೇಬಾರದು. ಆ ತಗ್ಗಿಗೆ ಮದ್ದಿಲ್ಲ. ಲೈನಿಂಗ್ ಮೇಲೆ 4 ಸೆಂ.ಮೀ. ಉದ್ದದ ಬಾಲ್‌ಪೆನ್ ಗೆರೆಯೂ ಒಂದಿತ್ತು.

ಅಸಲಿಯೋ ಅಲ್ಲವೋ

ಈ ಹಂತದಲ್ಲಿ ಸಂಬಂಧಿಯೊಬ್ಬರು ಬ್ಯಾಗು ನಕಲಿ ಎಂದುಬಿಟ್ಟರು. ಕಾರಣ ಮೂರು ಕೊಟ್ಟರು. ಮೂರೂ ಮೇಲ್ನೋಟಕ್ಕೆ ಸರಿ ಅನಿಸುವಂಥವು, ಮೂರೂ ತಪ್ಪು. ಕುಟುಂಬದ ಉಡುಗೊರೆಯಲ್ಲಿ ಇಂಥ ಮಾತು ಒಮ್ಮೆ ಬಿದ್ದರೆ ಸುಮ್ಮನೆ ಬಿಡುವಂತಿಲ್ಲ. ಬಿಚ್ಚಿ ನೋಡಿಯೇ ಮುಗಿಸಬೇಕು.

ಮೊದಲನೆಯದು ತಯಾರಿಕೆಯ ಕೋಡ್. ಒಳಗಿನ ಚಿಕ್ಕ ಚರ್ಮದ ಪಟ್ಟಿಯ ಮೇಲೆ ‘ಎಸ್‌ಪಿ 1912’ ಎಂದು ಒತ್ತಿದೆ. ಸ್ಪೀಡಿ ಮಾದರಿ ಹುಟ್ಟಿದ್ದೇ 1930ರ ದಶಕದಲ್ಲಿ, ಅದರ ಮೇಲೆ 1912 ಹೇಗೆ ಬಂತು ಎಂಬುದು ಅವರ ಪ್ರಶ್ನೆ. ಈ ಅಂಕಿಗಳನ್ನು ಇಸವಿಯ ಹಾಗೆ ಓದುವಂತಿಲ್ಲ. 1990ರಿಂದ 2006ರವರೆಗಿನ ಕೋಡ್‌ಗಳಲ್ಲಿ ಮೊದಲ ಮತ್ತು ಮೂರನೇ ಅಂಕಿ ಸೇರಿ ತಿಂಗಳು, ಎರಡನೇ ಮತ್ತು ನಾಲ್ಕನೇ ಅಂಕಿ ಸೇರಿ ವರ್ಷ. ಹಾಗೆ ಓದಿದರೆ 11ನೇ ತಿಂಗಳು, 92. ಅಂದರೆ ನವೆಂಬರ್ 1992. ‘ಎಸ್‌ಪಿ’ ಫ್ರಾನ್ಸಿನ ಕಾರ್ಖಾನೆಯ ಗುರುತು, ಒಳಮುದ್ರೆಯಲ್ಲೂ ಫ್ರಾನ್ಸ್ ಎಂದೇ ಇದೆ, ಎರಡೂ ತಾಳೆಯಾಗುತ್ತವೆ. 2007ರಿಂದ ತಿಂಗಳಿನ ಬದಲು ವಾರದ ಸಂಖ್ಯೆ ಬಂತು. 2021ರಿಂದ ಕೋಡ್ ಹೋಗಿ ಮೈಕ್ರೋಚಿಪ್ ಬಂದಿದೆ. ಹಾಗಾಗಿ ಹೊಸ ಬ್ಯಾಗಿನಲ್ಲಿ ಕೋಡ್ ಇಲ್ಲದಿದ್ದರೆ ಅದು ದೋಷವಲ್ಲ, 1992ರ ಬ್ಯಾಗಿನಲ್ಲಿ ಚಿಪ್ ಹುಡುಕುವುದರಲ್ಲಿ ಅರ್ಥವೂ ಇಲ್ಲ.

ಎರಡನೆಯದು ತಲೆಕೆಳಗಾದ ಅಕ್ಷರ. ಮುಂಬದಿಯಲ್ಲಿ ಮೊನೊಗ್ರಾಮ್ ನೆಟ್ಟಗಿದೆ, ಹಿಂಬದಿಯಲ್ಲಿ ಉಲ್ಟಾ. ಸ್ಪೀಡಿಯ ಮೈ ಒಂದೇ ತುಂಡು ಕ್ಯಾನ್ವಾಸ್. ಮುಂದಿನಿಂದ ಹೊರಟು ತಳ ಸುತ್ತಿ ಹಿಂಬದಿಗೆ ಏರುತ್ತದೆ, ತಳದಲ್ಲಿ ಹೊಲಿಗೆಯೇ ಇಲ್ಲ. ಹೀಗಿದ್ದಾಗ ಒಂದು ಬದಿ ಉಲ್ಟಾ ಆಗಲೇಬೇಕು. ಎರಡೂ ಬದಿ ನೆಟ್ಟಗಿದ್ದು ತಳದಲ್ಲಿ ಜೋಡಣೆ ಕಂಡರೆ ಆಗ ಅನುಮಾನ ಪಡಬೇಕು.

ಮೂರನೆಯದು ಬೀಗ. ಬೀಗದ ಮೇಲೆ 314 ಎಂದಿದೆ, ಇದೇ ಸಂಖ್ಯೆಯ ಬೀಗ ಇನ್ನೊಂದು ಬ್ಯಾಗಿನ ಫೋಟೋದಲ್ಲೂ ಅವರಿಗೆ ಸಿಕ್ಕಿತು. ಸಿಗಲೇಬೇಕು. ಅದು ಬ್ಯಾಗಿನ ಕ್ರಮಸಂಖ್ಯೆಯಲ್ಲ, ಯಾವ ಕೀಲಿ ಹೊಂದುತ್ತದೆ ಎಂದು ಹೇಳುವ ಸಂಖ್ಯೆ. 314ರ ಕೀಲಿ 314ರ ಬೀಗಗಳನ್ನೆಲ್ಲ ತೆಗೆಯುತ್ತದೆ. ಕೀಲಿ ಕಳೆದವರಿಗೆ ಇದು ಅನುಕೂಲವೇ.

ಇಷ್ಟಕ್ಕೇ ಅಸಲಿ ಎಂದು ಸಾಬೀತಾಗುವುದಿಲ್ಲ. ಕೋಡನ್ನು ನಕಲು ಮಾಡುವುದು ಕಷ್ಟವೇನಲ್ಲ. ಕೋಡ್ ಹೇಳುವುದು ಕಾಲ ಮತ್ತು ಜಾಗವನ್ನು ಮಾತ್ರ. ಭೂತಗನ್ನಡಿಯಲ್ಲಿ ನೋಡಬೇಕಾದದ್ದು ಹೊಲಿಗೆ ಮತ್ತು ಮುದ್ರೆ. ನಾಲ್ಕೂ ಹಿಡಿಕೆ ಪಟ್ಟಿಗಳಲ್ಲಿ ಹೊಲಿಗೆಯ ಸಂಖ್ಯೆ ಒಂದೇ ಇರಬೇಕು, ಅಂತರ ಸಮನಾಗಿರಬೇಕು. ಹೆಸರಿನ ಮುದ್ರೆಯಲ್ಲಿ ‘ಓ’ ಅಕ್ಷರ ಮೊಟ್ಟೆಯಾಕಾರವಲ್ಲ, ಪೂರಾ ದುಂಡು. ‘ಎಲ್’ನ ಅಡಿಗೆರೆ ಗಿಡ್ಡ. ಎರಡು ‘ಟಿ’ಗಳು ತೀರಾ ಒತ್ತೊತ್ತಾಗಿ ನಿಲ್ಲುತ್ತವೆ. ಇವೆಲ್ಲ ಹೊಂದಿದವು. ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ವಯಸ್ಸೇ: ವಾಚೆಟ್ಟಾ ಎಲ್ಲ ಕಡೆ ಒಂದೇ ಹದದಲ್ಲಿ ಕಪ್ಪಾಗದೆ, ಕೈ ಹಿಡಿಯುವಲ್ಲಿ ಗಾಢವಾಗಿ, ಪಟ್ಟಿಯ ಒಳಮಗ್ಗುಲಲ್ಲಿ ತಿಳಿಯಾಗಿತ್ತು. ಕಾರ್ಖಾನೆಯಲ್ಲಿ ಬಣ್ಣ ಹಾಕಿ ಹಳತಾಗಿಸಿದ ಚರ್ಮದಲ್ಲಿ ಈ ಏರಿಳಿತ ಬರುವುದಿಲ್ಲ. ಕಂಪನಿ ಹಳೆಯ ಬ್ಯಾಗಿಗೆ ಅಸಲಿತನದ ಪತ್ರ ಕೊಡುವುದಿಲ್ಲವಾದ್ದರಿಂದ, ಇವೇ ಫೋಟೋಗಳನ್ನು ಸ್ವತಂತ್ರ ಪರಿಶೀಲಕರಿಗೆ ಕಳಿಸಿ ಲಿಖಿತ ಅಭಿಪ್ರಾಯ ಪಡೆಯಲಾಯಿತು. ಉಡುಗೊರೆ ಕೊಡುವ ದಿನ ಯಾರೂ ಈ ಮಾತೆತ್ತಬಾರದು ಎಂಬುದಷ್ಟೇ ಅದರ ಉದ್ದೇಶ.

ವಾಸನೆ, ಕೊಳೆ, ಕಿಲುಬು

ನಾಫ್ತಲೀನ್ ವಾಸನೆಗೆ ಅವಸರದ ಮದ್ದಿಲ್ಲ. ಜಿಪ್ ಪೂರ್ತಿ ತೆಗೆದು, ಬಿಸಿಲು ಬೀಳದ ಜಾಗದಲ್ಲಿ ಫ್ಯಾನ್ ಕೆಳಗೆ ಮೂರು ದಿನ. ಆಮೇಲೆ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ, ಬಟ್ಟಲಿಗೆ ಹಾಕಿದ 200 ಗ್ರಾಂ ಸಕ್ರಿಯ ಇದ್ದಿಲಿನ ಜೊತೆ ಹತ್ತು ದಿನ. ಇದ್ದಿಲು ಬ್ಯಾಗಿಗೆ ತಾಗಬಾರದು, ಪುಡಿ ಕೂತರೆ ವಾಚೆಟ್ಟಾದಿಂದ ಬಿಡಿಸುವುದು ಕಷ್ಟ. ಬಿಸಿಲಿಗಿಟ್ಟರೆ ವಾಸನೆ ಬೇಗ ಹೋಗುತ್ತದೆ ನಿಜ, ಆದರೆ ಬೆಳಕು ಬಿದ್ದ ಬದಿ ಮಾತ್ರ ಕಪ್ಪಾಗಿ ಹಿಡಿಕೆ ಎರಡು ಬಣ್ಣವಾಗುತ್ತದೆ. ಸುಗಂಧ ಸಿಂಪಡಿಸುವುದಂತೂ ಬೇಡವೇ ಬೇಡ, ಅದರಲ್ಲಿರುವುದು ಆಲ್ಕೋಹಾಲ್.

ಪೈಪಿಂಗ್ ಮೇಲೆ ಬೂದಿಯಂಥ ಬಿಳಿ ಪುಡಿ ಕಂಡಿತು. ಬೂಸ್ಟೋ, ಚರ್ಮದೊಳಗಿನ ಕೊಬ್ಬು ಮೇಲೆ ಬಂದದ್ದೋ ಎಂದು ತಿಳಿಯಲು ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ 15 ಸೆಂ.ಮೀ. ದೂರದಿಂದ ಕೆಲವೇ ಸೆಕೆಂಡು ಹಿಡಿಯಬೇಕು. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಬೂಸ್ಟಾದರೆ ಹಾಗೇ ಇರುತ್ತದೆ. ಇಲ್ಲಿ ಕರಗಿತು. ಶಾಖ ಚರ್ಮಕ್ಕೆ ಮಾತ್ರ, ಕ್ಯಾನ್ವಾಸಿಗೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಬೇಕು.

ಕ್ಯಾನ್ವಾಸಿಗೆ 500 ಮಿ.ಲೀ. ಉಗುರುಬೆಚ್ಚಗಿನ ನೀರು, ಮೂರು ಹನಿ ತಟಸ್ಥ ಪಿಎಚ್ ಸೋಪು. ಬಟ್ಟೆಯನ್ನು ಅದ್ದಿ ನೀರು ತೊಟ್ಟಿಕ್ಕದಂತೆ ಬಿಗಿಯಾಗಿ ಹಿಂಡಬೇಕು. ಚರ್ಮದ ಅಂಚಿಗೆ ಒಂದು ಬೆರಳು ದೂರದಲ್ಲೇ ನಿಲ್ಲಿಸಬೇಕು. ವಾಚೆಟ್ಟಾದ ಮೇಲೆ ಬಿದ್ದ ನೀರಿನ ಹನಿ ಒಣಗಿದ ಮೇಲೂ ಉಂಗುರವಾಗಿ ಉಳಿಯುತ್ತದೆ. ಸ್ಯಾನಿಟೈಸರ್, ಮೇಕಪ್ ಒರೆಸುವ ಹಾಳೆ, ಮಗುವಿನ ವೈಪ್ ಇವ್ಯಾವೂ ಬೇಡ. ಪಿವಿಸಿಯನ್ನು ಬಳುಕುವಂತೆ ಇಟ್ಟಿರುವ ಪ್ಲಾಸ್ಟಿಸೈಜರನ್ನು ಆಲ್ಕೋಹಾಲ್ ಎಳೆದು ತೆಗೆಯುತ್ತದೆ, ಆಮೇಲೆ ಆ ಜಾಗ ಗಡುಸಾಗಿ ಒಡೆಯುತ್ತದೆ.

ಕಿಲುಬು ಉಂಟಾಗುವುದು ಹಿತ್ತಾಳೆಯ ತಾಮ್ರ ಚರ್ಮದ ಕೊಬ್ಬಿನ ಆಮ್ಲಗಳ ಜೊತೆ ಸೇರಿದಾಗ. ಮೇಣದ ಹಾಗೆ ಮೆತ್ತಗಿರುವುದರಿಂದ ಮರದ ಹಲ್ಲುಕಡ್ಡಿಯ ತುದಿಯಲ್ಲೇ ಎಬ್ಬಿಸಿ ಒಣ ಹತ್ತಿಯಲ್ಲಿ ಎತ್ತಬಹುದು. ಹಿತ್ತಾಳೆ ಪಾಲಿಶ್ ಹಾಕಿದರೆ ಲೋಹ ಹೊಳೆಯುತ್ತದೆ, ಆದರೆ ದ್ರವ ರಿವೆಟ್ಟಿನ ಕೆಳಗೆ ಇಳಿದು ಚರ್ಮದ ಮೇಲೆ ಕಪ್ಪು ಉಂಗುರ ಬಿಡುತ್ತದೆ. ಜಿಪ್ ಬಿಗಿಯಾಗಿತ್ತು, ಹಲ್ಲುಗಳ ಮೇಲೆ ಜೇನುಮೇಣದ ತುಂಡು ಉಜ್ಜಿದ್ದೇ ಸಾಕಾಯಿತು. ಪೆನ್ನಿನ ಗೆರೆಯನ್ನು ಹಾಗೇ ಬಿಡಲಾಯಿತು. ಶಾಯಿ ಕರಗಿಸುವ ದ್ರವ ಅದನ್ನು ಅಗಲವಾಗಿ ಹರಡುತ್ತದೆ, ಬಟ್ಟೆ ದಾಟಿ ಕ್ಯಾನ್ವಾಸಿನ ಬೆನ್ನಿಗೂ ಇಳಿಯುತ್ತದೆ.

ಒಂದು ಹಿಡಿಕೆಗೆ ಬಿದ್ದ ಎಣ್ಣೆ

ಈ ನಡುವೆ ಮನೆಯಲ್ಲೇ ಒಂದು ಅವಾಂತರವಾಗಿತ್ತು. ಒಣಗಿದ ಚರ್ಮಕ್ಕೆ ಜೀವ ಬರಲಿ ಎಂದು ಯಾರೋ ಒಂದು ಹಿಡಿಕೆಗೆ ತಲೆಗೆ ಹಚ್ಚುವ ಎಣ್ಣೆ ಸವರಿದ್ದರು. ಲೇಪವಿಲ್ಲದ ಚರ್ಮ ಎಣ್ಣೆಯನ್ನು ಕ್ಷಣದಲ್ಲಿ ಹೀರುತ್ತದೆ. 5 ಸೆಂ.ಮೀ. ಉದ್ದದ ಮಚ್ಚೆ, ಉಳಿದ ಹಿಡಿಕೆಗಿಂತ ಎರಡು ಪಟ್ಟು ಕಪ್ಪು. ಸಸ್ಯದ ಎಣ್ಣೆ ಅಲ್ಲಿಗೇ ನಿಲ್ಲುವುದಿಲ್ಲ, ನಿಧಾನವಾಗಿ ಕಮಟು ಹಿಡಿಯುತ್ತದೆ.

ಪುಡಿಯ ಮದ್ದು ಪೂರ್ತಿ ಗುಣ ಕೊಡದಿದ್ದರೂ ಪ್ರಯೋಜನ ಇತ್ತು. ಮಚ್ಚೆಯ ಸುತ್ತ ಕಾರ್ನ್‌ಸ್ಟಾರ್ಚ್ ದಪ್ಪಗೆ ಮುಚ್ಚಿ, ಮೇಲೆ ಮೆತ್ತನೆ ಬಟ್ಟೆ ಸುತ್ತಿ 24 ಗಂಟೆ ಬಿಟ್ಟು, ಒಣ ಬ್ರಷ್ಷಿನಿಂದ ತೆಗೆಯಬೇಕು. ಹೀಗೆ ಮೂರು ಬಾರಿ. ಮೊದಲ ಸಲ ಪುಡಿ ಹಳದಿಯಾಗಿ ಗಂಟು ಕಟ್ಟಿತು, ಮೂರನೇ ಸಲ ಹೆಚ್ಚು ಕಡಿಮೆ ಬಿಳಿಯಾಗಿಯೇ ಉದುರಿತು. ಅಲ್ಲಿಗೆ ನಿಲ್ಲಿಸಬೇಕು. ಮೇಲ್ಮೈಯಲ್ಲಿದ್ದದ್ದು ಬಂತು, ಒಳಗಿಳಿದದ್ದು ಬರುವುದಿಲ್ಲ. ಬಣ್ಣ ಸಮ ಮಾಡಲು ಇಡೀ ಹಿಡಿಕೆಗೆ ಎಣ್ಣೆ ಹಚ್ಚೋಣ ಎಂಬ ಸಲಹೆಯೂ ಬಂತು. ಅದನ್ನು ಗಟ್ಟಿಯಾಗಿ ತಡೆಯಬೇಕಾಯಿತು. ಬಳಸುತ್ತ ಹೋದಂತೆ ಉಳಿದ ಹಿಡಿಕೆ ತಾನಾಗಿ ಕಪ್ಪಾಗುತ್ತದೆ, ಅಂತರ ಕಡಿಮೆಯಾಗುತ್ತದೆ. ಜಿಡ್ಡು ತುಂಬಿದ ಚರ್ಮ ಮಾತ್ರ ಸಡಿಲವಾಗಿ ಹೊಲಿಗೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಹಿಡಿಕೆ ಬದಲಿಸಬೇಕೆ, ಹೊಲಿಯಬೇಕೆ

ಹರಿದ ಮೂರು ಹೊಲಿಗೆ ಈ ಬ್ಯಾಗಿನ ನಿಜವಾದ ರೋಗ. ಅದಕ್ಕೆ ಕಾರಣ ವಯಸ್ಸಲ್ಲ, ಹಿಡಿಯುವ ರೀತಿ. ಸ್ಪೀಡಿಗೆ ಎರಡು ಹಿಡಿಕೆ, ನಾಲ್ಕು ಪಟ್ಟಿ. ಎರಡನ್ನೂ ಸೇರಿಸಿ ಹಿಡಿದರೆ ಪ್ರತಿ ಪಟ್ಟಿಗೆ ಕಾಲು ಪಾಲು ಭಾರ. ಒಂದೇ ಹಿಡಿಕೆ ಹಿಡಿದು ಜಿಪ್ ತೆರೆದು ಹುಡುಕುವ ಅಭ್ಯಾಸವಿದ್ದರೆ ಅದೇ ಭಾರ ಎರಡೇ ಪಟ್ಟಿಗೆ ಬೀಳುತ್ತದೆ, ಅದೂ ಓರೆಯಾಗಿ. ಸಾಮಾನ್ಯವಾಗಿ ಮೊದಲು ಹರಿಯುವುದು ಹೊರಮೂಲೆಯ ಹೊಲಿಗೆ.

ದಾರಿ ಎರಡಿತ್ತು. ಒಂದು, ಕಂಪನಿಯ ದುರಸ್ತಿಗೆ ಕೊಟ್ಟು ಹಿಡಿಕೆ ಬದಲಿಸುವುದು. ಬಲದ ಮಟ್ಟಿಗೆ ಅದೇ ಉತ್ತಮ. ಆದರೆ ಹೊಸ ವಾಚೆಟ್ಟಾ ಹಾಲುಬಣ್ಣದ್ದು, ಮೂವತ್ತು ವರ್ಷ ದಾಟಿದ ಪೈಪಿಂಗ್ ಪಕ್ಕದಲ್ಲಿ ಎದ್ದು ಕಾಣುತ್ತದೆ, ಸಮವಾಗಲು ವರ್ಷಗಳೇ ಬೇಕು. ಹಳೆಯ ಹಿಡಿಕೆ ವಾಪಸ್ ಬೇಕಿದ್ದರೆ ಕೆಲಸಕ್ಕೆ ಕೊಡುವ ಮೊದಲೇ ಲಿಖಿತವಾಗಿ ಕೇಳಬೇಕು. ಜೊತೆಗೆ ಕ್ಯಾನ್ವಾಸ್ ಬಿರುಕು ಬಿಟ್ಟ ಬ್ಯಾಗನ್ನು ದುರಸ್ತಿಗೆ ತೆಗೆದುಕೊಳ್ಳದಿರುವುದು ದುಬಾರಿ ಬ್ರಾಂಡ್‌ಗಳಲ್ಲಿ ಹೊಸದಲ್ಲ. ಇನ್ನೊಂದು, ಸ್ವತಂತ್ರ ಚರ್ಮದ ಕೆಲಸಗಾರರಿಂದ ಹಳೆಯ ತೂತುಗಳಲ್ಲೇ ಹೊಲಿಸುವುದು. ಇದರ ಅಪಾಯವನ್ನೂ ತಾಯಿಗೆ ಮೊದಲೇ ಹೇಳಲಾಯಿತು: ಹೊರಗಿನವರ ಕೈ ಬಿದ್ದ ಬ್ಯಾಗನ್ನು ಮುಂದೆ ಕಂಪನಿಯ ದುರಸ್ತಿಯಲ್ಲಿ ನಿರಾಕರಿಸಬಹುದು.

ತೂತು ಸೀಳಿರಲಿಲ್ಲ, ರಿವೆಟ್ ಗಟ್ಟಿಯಿತ್ತು, ಚರ್ಮ ಬಾಗಿಸಿದರೆ ಒಡೆಯುತ್ತಿರಲಿಲ್ಲ. ಹಾಗಾಗಿ ಹೊಲಿಗೆಯನ್ನೇ ಆರಿಸಲಾಯಿತು. ಈ ಮೂರರಲ್ಲಿ ಒಂದು ಕೆಟ್ಟಿದ್ದರೂ ಸಲಹೆ ಬದಲಾಗುತ್ತಿತ್ತು.

ಕೆಲಸ ಹೀಗೆ ನಡೆಯಿತು. ಮೇಣ ಸವರಿದ 0.6 ಮಿ.ಮೀ. ಹಳದಿ ಪಾಲಿಯೆಸ್ಟರ್ ದಾರ, ಎರಡು ತುದಿಗೂ ಮೊಂಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸುವ ಸ್ಯಾಡಲ್ ಹೊಲಿಗೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚುತ್ತದೆ. ಸ್ಯಾಡಲ್ ಹೊಲಿಗೆಯಲ್ಲಿ ಒಂದೆಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ಹರಿದ ಜಾಗದಿಂದಲ್ಲ, ಅದಕ್ಕೂ ಮೂರು ತೂತು ಹಿಂದಿನ ಗಟ್ಟಿ ಹೊಲಿಗೆಯ ಮೇಲಿಂದ ಶುರುಮಾಡಿ, ಆಚೆ ಬದಿಗೂ ಮೂರು ತೂತು ಮುಂದೆ ಹೋಗಿ, ಎರಡು ತೂತು ಹಿಂದಕ್ಕೆ ಬಂದು ಕತ್ತರಿಸಲಾಯಿತು. ಹೊಸ ತೂತು ಒಂದೂ ಇಲ್ಲ. ಹತ್ತಿರ ಹತ್ತಿರ ತೂತು ಹೊಡೆದರೆ ಚರ್ಮ ಅಂಚೆಚೀಟಿಯ ಹಾಗೆ ಹರಿಯುತ್ತದೆ. ಅಂಟೂ ಇಲ್ಲ, ಏಕೆಂದರೆ ಅಂಟಿದ ಪಟ್ಟಿಯನ್ನು ಮುಂದೆ ಯಾರೂ ಶುಚಿಯಾಗಿ ಬಿಡಿಸಲಾರರು. ದಾರವನ್ನು ತೀರಾ ಬಿಗಿಯಾಗಿ ಎಳೆಯಲಿಲ್ಲ. ಎಳೆದು ಉದ್ದವಾದ ತೂತಿನಲ್ಲಿ ಬಿಗಿ ದಾರ ಚಾಕುವಿನ ಕೆಲಸ ಮಾಡುತ್ತದೆ.

6 ಮಿ.ಮೀ. ಬಿರುಕಿಗೆ ಏನನ್ನೂ ಹಚ್ಚಲಿಲ್ಲ. ಒಡೆದ ಪಿವಿಸಿ ಮತ್ತೆ ಕೂಡುವುದಿಲ್ಲ, ಮೇಲೆ ತುಂಬಿದ ಬಣ್ಣ ಜಿಪ್ ಎಳೆದಾಗಲೆಲ್ಲ ಎದ್ದು ಬರುತ್ತದೆ. ಮಡಿಕೆ ಸಡಿಲವಾಗಲು ಬ್ಯಾಗಿನೊಳಗೆ ಆಮ್ಲರಹಿತ ಟಿಶ್ಯೂ ಕಾಗದವನ್ನು ಮುಕ್ಕಾಲು ಭಾಗ ತುಂಬಿ ಎರಡು ವಾರ ನೆಟ್ಟಗೆ ಇಡಲಾಯಿತು. ಗೆರೆ ಮಸುಕಾಯಿತು, ಹೋಗಲಿಲ್ಲ.

ಯಾರದ್ದು ಈ ಬ್ಯಾಗು

ನಾಲ್ಕನೇ ವಾರದಲ್ಲಿ ಹೊರಗೆ ಬಂದದ್ದು ಚರ್ಮಕ್ಕೆ ಸಂಬಂಧವಿಲ್ಲದ ಸಮಸ್ಯೆ. ತಾಯಿ ಕೊಡುವುದೇನೋ ಹಿರಿಮಗಳಿಗೆ. ಆದರೆ ಮಾರಬಾರದು, ತಂಗಿ ಕೇಳಿದಾಗ ಕೊಡಬೇಕು, ಹಬ್ಬದ ದಿನ ತಾನೂ ಹಿಡಿಯಬೇಕು. ಮೂರು ಷರತ್ತು ಇದ್ದರೆ ಅದು ಉಡುಗೊರೆಯಲ್ಲ, ಸಾಲ. ಕಳೆದರೆ, ಕಲೆಯಾದರೆ ಯಾರು ಯಾರಿಗೆ ಉತ್ತರ ಹೇಳಬೇಕು ಎಂಬ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಮಾತಾಡಿ ಒಂದೇ ಷರತ್ತಿಗೆ ಇಳಿಸಲಾಯಿತು: ಹಿರಿಮಗಳಿಗೆ ಬೇಡವಾದ ದಿನ ಮೊದಲು ತಂಗಿಯನ್ನು ಕೇಳಬೇಕು. ಅವಳೂ ಬೇಡವೆಂದರೆ ಆಮೇಲೆ ಹಿರಿಮಗಳ ಇಷ್ಟ.

ಕಿರಿಮಗಳಿಗೆ ಬೀಗ, ಕೀಲಿ ಕೊಟ್ಟು ಸಮಾಧಾನ ಮಾಡೋಣ ಎಂಬ ಯೋಚನೆಯೂ ಇತ್ತು. ಅದು ಬೇಡ. ಬ್ಯಾಗು, ಬೀಗ, ಕೀಲಿ ಒಟ್ಟಿಗಿದ್ದಾಗಲೇ ಪೂರ್ಣ, ಒಡೆದು ಹಂಚಿದರೆ ಇಬ್ಬರ ಕೈಯಲ್ಲೂ ಉಳಿಯುವುದು ತುಂಡು. ಅವಳಿಗೆ ದೊಡ್ಡಮ್ಮನ ಕೈಗಡಿಯಾರ ಎಂದು ತೀರ್ಮಾನವಾಯಿತು. ಮುಖ್ಯವಾದದ್ದು, ಇದನ್ನು ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲೇ ಅವಳಿಗೆ ಹೇಳಲಾಯಿತು. ಎಲ್ಲರೆದುರು ಪೊಟ್ಟಣ ಬಿಚ್ಚುವಾಗ ಮೊದಲ ಬಾರಿ ಗೊತ್ತಾಗಿದ್ದರೆ ಆ ನೋವಿಗೆ ಯಾವ ಗಡಿಯಾರವೂ ಸಾಲುತ್ತಿರಲಿಲ್ಲ.

ಬ್ಯಾಗಿನ ಜೊತೆ ಒಂದು ಲಕೋಟೆ ಹೋಯಿತು. ಅದರಲ್ಲಿ ತಾಯಿಯ ಕೈಬರಹದ ಪತ್ರ: ಯಾರು ಯಾರಿಗೆ ಯಾವಾಗ ಕೊಟ್ಟರು, ಈಗ ಇದು ನಿನ್ನದು, ಆ ಒಂದು ಷರತ್ತು, ದಿನಾಂಕ. ಜೊತೆಗೆ ಮೊದಲಿನ ಮತ್ತು ಆಮೇಲಿನ ಫೋಟೋ, ಪರಿಶೀಲಕರ ಅಭಿಪ್ರಾಯ, ಯಾವ ಪಟ್ಟಿ ಯಾವ ದಾರದಲ್ಲಿ ಹೊಲಿದದ್ದು ಎಂಬ ಟಿಪ್ಪಣಿ. ಮನೆಯ ವಸ್ತುಗಳಿಗೆ ವಿಮೆ ಇದ್ದವರು ಮೌಲ್ಯಮಾಪನವನ್ನು ಹೊಸ ಒಡತಿಯ ಹೆಸರಿಗೆ ಮಾಡಿಸಬೇಕು. ಒಂದೇ ವಸ್ತುವಿಗೆ ಎಷ್ಟು ಮಿತಿ ಎಂದು ಪಾಲಿಸಿಯಲ್ಲಿ ಓದಿಕೊಳ್ಳಬೇಕು. ಬ್ಯಾಗು ಮಗಳ ಮನೆಯಲ್ಲಿ, ಪಾಲಿಸಿ ತಾಯಿಯ ಹೆಸರಲ್ಲಿ ಇದ್ದರೆ ಅದು ಉಪಯೋಗಕ್ಕೆ ಬರದೇ ಹೋಗಬಹುದು.

ಕೈ ಸೇರಿದ ಮೇಲೆ

ಮಗಳು ಕಚೇರಿಗೆ ಒಯ್ಯುವ ಆಸೆಯಲ್ಲಿದ್ದಳು. 14 ಇಂಚಿನ ಲ್ಯಾಪ್‌ಟಾಪ್‌ನ ಅಗಲ 31 ಸೆಂ.ಮೀ. ಮೇಲೇ ಇರುತ್ತದೆ, 30 ಸೆಂ.ಮೀ. ಬ್ಯಾಗಿಗೆ ಕೂರುವುದಿಲ್ಲ. 13 ಇಂಚಿನದೂ ಬೇಡ, ಮೂಲೆಗಳು ಬದಿಯ ಪೈಪಿಂಗ್ ಒತ್ತುತ್ತವೆ, ಓರೆಯಾಗಿ ತುರುಕುವಾಗ ಜಿಪ್ ತುದಿ ಹಿಗ್ಗುತ್ತದೆ. ಬಿರುಕಿರುವುದು ಅಲ್ಲೇ. ಈ ಬ್ಯಾಗಿಗೆ 2 ಕೆ.ಜಿ.ಯೊಳಗಿನ ಭಾರ, ಎರಡೂ ಹಿಡಿಕೆ ಸೇರಿಸಿ ಹಿಡಿಯುವುದು, ತಳ ಜೋತು ಬೀಳದಂತೆ ಒಳಗೆ ಅಳತೆಗೆ ಕತ್ತರಿಸಿದ ಫೆಲ್ಟ್ ಹಲಗೆ. ಬೀಗವನ್ನು ಜಿಪ್ಪಿಗೆ ನೇತುಹಾಕಿಕೊಂಡು ಓಡಾಡಿದರೆ ಅದು ಕ್ಯಾನ್ವಾಸನ್ನು ಗೀರುತ್ತದೆ, ಚಿಕ್ಕ ಬಟ್ಟೆ ಚೀಲದಲ್ಲಿ ಒಳಗೇ ಇರಲಿ. ಉಕ್ಕಿನ ಪಿನ್ನು, ಕ್ಲಿಪ್ಪು ವಾಚೆಟ್ಟಾಕ್ಕೆ ಸಿಕ್ಕಿಸಬಾರದು. ಕಬ್ಬಿಣ, ತೇವ, ಟ್ಯಾನಿನ್ ಸೇರಿದರೆ ಕಪ್ಪು ಕಲೆ, ಅದನ್ನು ತೆಗೆಯುವುದು ಬಹಳ ಕಷ್ಟ.

ಇಡುವಾಗ ನೇತುಹಾಕಬಾರದು, ಮಡಚಬಾರದು, ಪ್ಲಾಸ್ಟಿಕ್ಕಿಗೆ ಹಾಕಬಾರದು. ಟಿಶ್ಯೂ ತುಂಬಿ, ಹತ್ತಿಯ ಚೀಲದಲ್ಲಿ, ನೆಟ್ಟಗೆ. ವೃತ್ತಪತ್ರಿಕೆ ತುಂಬಿದರೆ ಶಾಯಿ ಲೈನಿಂಗಿಗೆ ಹತ್ತುತ್ತದೆ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಸಿಲಿಕಾ ಜೆಲ್ ಹೆಚ್ಚು ಹಾಕಿ ತೀರಾ ಒಣಗಿಸಿದರೆ ಚರ್ಮ ಬಿರಿಯುತ್ತದೆ.

ಆರು ತಿಂಗಳ ನಂತರದ ತಪಾಸಣೆಯಲ್ಲಿ ಹೊಲಿದ ಪಟ್ಟಿ ಅಲುಗಾಡಿರಲಿಲ್ಲ, ಎಣ್ಣೆಯ ಮಚ್ಚೆಯ ಅಂಚು ಮಸುಕಾಗಿತ್ತು. ಬಿರುಕನ್ನು ಅದೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಹಳೆಯ ಫೋಟೋ ಜೊತೆ ಹೋಲಿಸಲಾಯಿತು: 6 ಮಿ.ಮೀ., ಇದ್ದಷ್ಟೇ. ಅದು 10 ಮಿ.ಮೀ. ದಾಟಿದರೆ ಜಿಪ್ಪನ್ನು ಆ ತುದಿಯವರೆಗೆ ತೆಗೆಯುವುದನ್ನು ನಿಲ್ಲಿಸಿ, 3 ಸೆಂ.ಮೀ. ಮೊದಲೇ ತಡೆಯುವಂತೆ ಒಳಗಿನಿಂದ ದಾರದ ಗಂಟು ಹಾಕಿಸಬೇಕು ಎಂದು ಟಿಪ್ಪಣಿಗೆ ಸೇರಿಸಿ, ಲಕೋಟೆಯಲ್ಲೇ ಇಡಲಾಗಿದೆ.